ಬಿಸಿನೀರು ನಡೆದ ದಾರಿ

ಚಳಿನಾಡುಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳೂ ನಮ್ಮ ಬಂಧುವರ್ಗದ ಮಕ್ಕಳೂ ಡಿಸೆಂಬರ್ ತಿಂಗಳಲ್ಲಿ ಬರೆಯುವ ಪತ್ರಗಳಲ್ಲಿ ಒಂದು ದೂರು ಆಗಾಗ ಕಾಣಿಸಿಕೊಳ್ಳುತ್ತದೆ. ಕಾರಿನೊಳಗೆ ಪಾಕ ಕಾಯಿಸಿದಂತಹ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಜಿಡ್ಡುಜಿಡ್ಡಾದ ಮಂಜು, ಕಾಲಡಿಯ ಹಾಸು ಒದ್ದೆ. ಹೀಟರಿಗೆ ಹೋಗುವ ಬಿಸಿನೀರಿನ ಹಾದಿಯಲ್ಲಿ ಎಲ್ಲಿಯೋ ಸೋರುತ್ತಿದೆ ಎಂಬುದರ ಲಕ್ಷಣಗಳಿವು. ಇದನ್ನು ನಾವೇ ಸರಿಮಾಡಿಕೊಳ್ಳಬಹುದೇ ಎಂದು ಅವರು ಕೇಳುತ್ತಾರೆ. ವಿಜ್ಞಾನ ಕಲಿಸಿದ ಮೇಷ್ಟರಿಗೆ ಮೆಕ್ಯಾನಿಕನ ಕೈಚಳಕವಿರುವುದಿಲ್ಲ. ಆದರೆ ಆ ನೀರು ಕಾರಿನೊಳಕ್ಕೆ ಹೇಗೆ ಬಂತು ಎಂಬ ಚರಿತ್ರೆಯನ್ನು ಹೇಳಬಲ್ಲೆ. ದಾರಿ ತಿಳಿದವನಿಗೆ ಸೋರುವ ಜಾಗ ತಾನಾಗಿಯೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಇಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದುದರಲ್ಲಿ ಬಹುಭಾಗ ಶಾಖವಾಗಿ ಹೊಗೆಕೊಳವೆಯಿಂದ ಹೊರಬೀಳುತ್ತದೆ, ಇಲ್ಲವೇ ಇಂಜಿನ್ನಿನ ಗೋಡೆಗಳನ್ನು ಕಾಯಿಸುತ್ತದೆ. ಆ ಗೋಡೆಗಳನ್ನು ತಣಿಸದಿದ್ದರೆ ಯಂತ್ರ ಬಿಗಿದುಕೊಂಡು ನಿಂತುಬಿಡುತ್ತದೆ. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜನ ಮೂರು ಚಕ್ರದ ವಾಹನದಲ್ಲಿ ಇದಕ್ಕಿದ್ದ ಉಪಾಯ ಬಹಳ ಸರಳವಾದುದು. ಸಿಲಿಂಡರಿನ ಸುತ್ತ ನೀರು ತುಂಬಿಸುವುದು, ಅದು ಕುದಿದು ಆವಿಯಾಗಿ ಹೋದಂತೆ ಮತ್ತೆ ತುಂಬಿಸುವುದು, ಅಷ್ಟೇ.

1888ರ ಆಗಸ್ಟಿನಲ್ಲಿ ಬೆಂಜನ ಪತ್ನಿ ಬೆರ್ಥಾ, ಗಂಡನಿಗೆ ತಿಳಿಸದೆ, ತನ್ನ ಇಬ್ಬರು ಗಂಡುಮಕ್ಕಳೊಡನೆ ಆ ವಾಹನದಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮೀರಿದ ಆ ದಾರಿಯುದ್ದಕ್ಕೂ ಅವಳು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ನೀರು ತುಂಬಿಸಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು. ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊದಿಸಿಕೊಂಡಳು. ಹೀಗೆ ಮೋಟಾರು ವಾಹನದ ಮೊಟ್ಟಮೊದಲ ದೂರಪ್ರಯಾಣವೇ ಸ್ವಂತ ರಿಪೇರಿಯ ಕಥೆಯೂ ಆಗಿದೆ.

ನೀರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಬೇಕಾದರೆ ಅದನ್ನು ಬೇಗ ತಣಿಸಬೇಕು. ವಿಲ್ಹೆಲ್ಮ್ ಮೇಬಾಕ್ ಎಂಬ ಜರ್ಮನ್ ತಂತ್ರಜ್ಞ 1900-01ರಲ್ಲಿ ತಯಾರಾದ ಮರ್ಸಿಡಿಸ್ ಕಾರಿಗೆ ಜೇನುಗೂಡಿನ ಆಕಾರದ ರೇಡಿಯೇಟರನ್ನು ರಚಿಸಿದ. ಎಂಟು ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳನ್ನು ಬೆಸೆದು ಮಾಡಿದ ಆ ರೇಡಿಯೇಟರಿನಿಂದಾಗಿ ಒಂಬತ್ತು ಲೀಟರ್ ನೀರು ಸಾಕಾಯಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಮೊದಲ ಕೆಲವು ಸಾವಿರ ಕಾರುಗಳನ್ನು ಬಿಟ್ಟರೆ, ನೀರನ್ನು ತಳ್ಳುವ ಪಂಪೇ ಇರಲಿಲ್ಲ. ಬೀಕರಿನ ತಳಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಹಾಕಿ ಕಾಯಿಸಿದಾಗ ನೇರಳೆ ಬಣ್ಣದ ಎಳೆ ಮೇಲೇರಿ, ಪಕ್ಕಕ್ಕೆ ಹೊರಳಿ, ಮತ್ತೆ ಕೆಳಗಿಳಿಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಾದ ನೀರು ಹಗುರಾಗಿ ಮೇಲೇರುವ, ತಣಿದ ನೀರು ಕೆಳಗಿಳಿಯುವ ಆ ಸಂವಹನ ಕ್ರಿಯೆಯಿಂದಲೇ ಫೋರ್ಡನ ಕಾರಿನ ನೀರು ಸುತ್ತುತ್ತಿತ್ತು. 1927ರವರೆಗೆ ಇಂತಹ ಒಂದೂವರೆ ಕೋಟಿ ಕಾರುಗಳು ತಯಾರಾದವು. ಅವುಗಳೊಡನೆ ಕೊಡುತ್ತಿದ್ದ ಕೈಪಿಡಿ ಪ್ರಶ್ನೋತ್ತರದ ರೂಪದಲ್ಲಿತ್ತು, ಥೇಟ್ ನಮ್ಮ ಶಾಲೆಯ ಪಾಠದ ಕೊನೆಯ ಅಭ್ಯಾಸದಂತೆ. ಕಾರು ಕೊಂಡವನು ಅದನ್ನು ಬಿಚ್ಚುತ್ತಾನೆ, ಜೋಡಿಸುತ್ತಾನೆ ಎಂಬುದನ್ನು ತಯಾರಕರೇ ಒಪ್ಪಿಕೊಂಡಿದ್ದ ಕಾಲವದು.

ಇಂಜಿನ್ ಹೀಗೆ ಬೆವರುತ್ತಿದ್ದಾಗ ಒಳಗೆ ಕುಳಿತವರು ಮಾತ್ರ ಚಳಿಯಿಂದ ನಡುಗುತ್ತಿದ್ದರು. ಮಡಿಲ ಮೇಲೆ ದಪ್ಪ ಕಂಬಳಿ, ಕಾಲಡಿಯಲ್ಲಿ ಕಾಯಿಸಿದ ಇಟ್ಟಿಗೆ ಅಥವಾ ಕೆಂಡದ ಪೆಟ್ಟಿಗೆ, ಇವೇ ಅಂದಿನ ಹೀಟರುಗಳು. 1893ರಲ್ಲಿ ಮಾರ್ಗರೆಟ್ ವಿಲ್ಕಾಕ್ಸ್ ಎಂಬ ಮಹಿಳೆ ಕಾರ್ ಹೀಟರಿಗೆ ಪೇಟೆಂಟ್ ಪಡೆದರೆಂದು ಹಲವೆಡೆ ಬರೆಯುತ್ತಾರೆ. ಅದು ನಿಜವೇ, ಆದರೆ ಆಗ ಅಮೆರಿಕದಲ್ಲಿ ಕಾರ್ ಎಂದರೆ ರೈಲಿನ ಗಾಡಿ. ಪದದ ಅರ್ಥ ಬದಲಾದರೆ ಚರಿತ್ರೆಯೂ ಹೇಗೆ ಬದಲಾದಂತೆ ಕಾಣುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಮೋಟಾರು ಕಾರುಗಳಲ್ಲಿ ಮೊದಲು ಬಂದದ್ದು ಹೊಗೆಕೊಳವೆಯ ಶಾಖವನ್ನು ಒಳಕ್ಕೆ ತರುವ ಏರ್ಪಾಡು. ಆ ಕೊಳವೆಯಲ್ಲಿ ಒಂದು ಬಿರುಕು ಬಿದ್ದರೂ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳನುಗ್ಗಿ, ಬೆಚ್ಚಗೆ ಕುಳಿತವರ ಪ್ರಾಣಕ್ಕೇ ಸಂಚಕಾರ ತರಬಹುದಾಗಿತ್ತು.

ಆದ್ದರಿಂದ ಇಂಜಿನ್ನಿನ ಬಿಸಿನೀರನ್ನೇ ಬಳಸುವುದು ಹೆಚ್ಚು ಕ್ಷೇಮಕರವಾದ ದಾರಿ. ಆದರೆ ಅಲ್ಲಿಯೂ ಒಂದು ತೊಡಕಿತ್ತು. ಹೆಪ್ಪುಗಟ್ಟುವಾಗ ನೀರು ನೂರಕ್ಕೆ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ರಾತ್ರಿ ನಿಲ್ಲಿಸಿದ ಕಾರಿನ ಇಂಜಿನ್ನೇ ಬೆಳಗಾಗುವುದರೊಳಗೆ ಸೀಳಿಹೋಗಬಹುದು. ಅದಕ್ಕಾಗಿ ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಮೀಥೈಲ್ ಆಲ್ಕೋಹಾಲ್ 65 ಡಿಗ್ರಿಗೇ ಕುದಿಯುವುದರಿಂದ ಅದು ಬೇಗ ಆರಿಹೋಗುತ್ತಿತ್ತು. ಫ್ರೆಂಚ್ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ವುರ್ಟ್ಜ್ 1850ರ ದಶಕದಲ್ಲಿಯೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಇದಕ್ಕೆ ಪರಿಹಾರವಾಯಿತು. ಅದು ಕುದಿಯುವುದು 197 ಡಿಗ್ರಿಯಲ್ಲಿ. ನೀರಿನೊಡನೆ ಸಮಪಾಲು ಬೆರೆಸಿದರೆ ಸೊನ್ನೆಗಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. 1927ರಲ್ಲಿ ಇದು ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು. 1938ರಲ್ಲಿ ನ್ಯಾಶ್ ಕಂಪನಿಯ ‘ವೆದರ್ ಐ’ ಎಂಬ ಏರ್ಪಾಡು, ಹೊರಗಿನ ಶುದ್ಧ ಗಾಳಿಯನ್ನು ಸೋಸಿ, ಬಿಸಿನೀರಿನ ಸಣ್ಣ ರೇಡಿಯೇಟರಿನ ಮೂಲಕ ಹಾಯಿಸಿ ಒಳಕ್ಕೆ ಬಿಟ್ಟಿತು. ಇಂದಿನ ಪೆಟ್ರೋಲ್, ಡೀಸೆಲ್ ಕಾರುಗಳ ಹೀಟರುಗಳೂ ತತ್ತ್ವದಲ್ಲಿ ಅದರ ವಂಶದವೇ.

ಇಂಜಿನ್ನಿನಿಂದ ಆ ಸಣ್ಣ ರೇಡಿಯೇಟರಿಗೆ ನೀರನ್ನು ಒಯ್ಯಲು ಒಂದು, ಮರಳಿ ತರಲು ಒಂದು, ಹೀಗೆ ಎರಡು ರಬ್ಬರ್ ಕೊಳವೆಗಳಿರುತ್ತವೆ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರ್ ಗಟ್ಟಿಯಾಗುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಳ್ಳದಿದ್ದರೆ ಈ ಕೊಳವೆಗಳು ಬಿಸಿನೀರಿಗೆ ಅಂಟಾಗಿ ಇಳಿದುಹೋಗುತ್ತಿದ್ದವು. ಕೊಳವೆಯ ತುದಿಯನ್ನು ಬಿಗಿಯುವ ತಿರುಪಿನ ಕ್ಲಿಪ್ಪಿಗೆ 1921ರಲ್ಲಿ ಪೇಟೆಂಟ್ ಪಡೆದವರು ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲೀ ರಾಬಿನ್ಸನ್. ಅಂಗೈಯಲ್ಲಿ ಹಿಡಿಸುವ ಆ ವಸ್ತುವನ್ನು ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿಯೂ ಕೊಳ್ಳಬಹುದು. ಗ್ಯಾಸ್ ಒಲೆಯ ಕೊಳವೆಗೂ ಗದ್ದೆಯ ಪಂಪಿಗೂ ಅದೇ ಕ್ಲಿಪ್ಪು.

ನಮ್ಮ ಕಡೆ ಕಾರಿನ ಹೀಟರನ್ನು ಹಾಕಿದವರೇ ಅಪರೂಪ. ನಮ್ಮದು ತದ್ವಿರುದ್ಧವಾದ ಕಷ್ಟ. ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಏರುವ ಅಂಬಾಸಿಡರ್ ಕಾರುಗಳೂ ಲಾರಿಗಳೂ ತಿರುವಿನಲ್ಲಿ ಬಾನೆಟ್ ಎತ್ತಿ ಹಬೆಯುಗುಳುತ್ತ ನಿಂತಿರುವುದನ್ನು ನಮ್ಮ ತಲೆಮಾರಿನವರೆಲ್ಲ ನೋಡಿದ್ದೇವೆ. ಅನುಭವಿ ಚಾಲಕರು ಕಾಲು ಗಂಟೆ, ಅರ್ಧ ಗಂಟೆ ಕಾದು, ಗೋಣಿತಾಟನ್ನು ನೆನೆಸಿ ಮುಚ್ಚಳದ ಮೇಲೆ ಹಾಕಿ, ಮುಖ ಆಚೆಗೆ ತಿರುಗಿಸಿಕೊಂಡು ಸಡಿಲಿಸುತ್ತಿದ್ದರು. ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದು ಏರುತ್ತದೆ ಎಂಬ ನಿಯಮವನ್ನು ಅವರು ಪುಸ್ತಕದಲ್ಲಿ ಓದಿರಲಿಲ್ಲ, ಆದರೆ ಬಲ್ಲವರಾಗಿದ್ದರು. ವಾತಾವರಣದ ಒತ್ತಡದ ಎರಡರಷ್ಟು ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆರೆದ ಕ್ಷಣವೇ ಅದು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಮಿನ್ನೆಸೋಟಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ಚಳಿಗಾಲದಲ್ಲಿ ಈ ಕೆಲಸವನ್ನು ತಾನೇ ಮಾಡಿಕೊಂಡು ವಿವರವಾಗಿ ಬರೆದಿದ್ದಾನೆ. ರಾತ್ರಿಯಿಡೀ ಇಂಜಿನ್ ತಣಿಯಲು ಬಿಟ್ಟು, ಕೂಲಂಟನ್ನು ಮುಚ್ಚಳವಿರುವ ಪಾತ್ರೆಗೆ ಇಳಿಸಿಕೊಂಡ. ಹಳೆಯ ಕೊಳವೆಯನ್ನು ಎಳೆಯಲಿಲ್ಲ, ಉದ್ದಕ್ಕೆ ಸೀಳಿ ತೆಗೆದ. ಒಳಗಿನ ಲೋಹದ ಮೂತಿ ತೆಳುವಾದುದರಿಂದ ಎಳೆದರೆ ಮುರಿಯುವ ಭಯ. ಮೂತಿಯ ಕಿಲುಬು ಉಜ್ಜಿ, ಅದೇ ಒಳ ಅಳತೆಯ ಹೊಸ ಕೊಳವೆ ತೊಡಿಸಿ, ಕ್ಲಿಪ್ಪು ಬಿಗಿದ. ಕಾರಿಗೆ ಹೇಳಿದ ಬಗೆಯ ಕೂಲಂಟ್ ತುಂಬಿ, ಹೀಟರನ್ನು ಪೂರ್ಣ ಬಿಸಿಗೆ ತಿರುಗಿಸಿ, ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗುವವರೆಗೂ ಇಂಜಿನ್ ಓಡಿಸಿದ. ಸೋರಿಕೆ ಡ್ಯಾಶ್‌ಬೋರ್ಡಿನ ಹಿಂದಿರುವ ಸಣ್ಣ ರೇಡಿಯೇಟರಿನಲ್ಲಿಯೇ ಇದ್ದಿದ್ದರೆ ಕೆಲಸ ಇಷ್ಟು ಸುಲಭವಾಗುತ್ತಿರಲಿಲ್ಲ. ಆದ್ದರಿಂದ ಎಲ್ಲಿ ಸೋರುತ್ತಿದೆ ಎಂದು ಖಚಿತವಾಗಿ ತಿಳಿದ ಮೇಲೆಯೇ ಕೈಹಾಕಬೇಕು.

ಮುಚ್ಚಳವಿರುವ ಪಾತ್ರೆ ಎಂದು ಬೇಕೆಂದೇ ಬರೆದಿದ್ದೇನೆ. ಗ್ಲೈಕಾಲ್ ಎಂಬ ಹೆಸರಿನ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಸಿಹಿ ಎಂದರ್ಥ. ಆ ಸಿಹಿಯೇ ಅದರ ಮೋಸ. ನೆಲದ ಮೇಲೆ ಚೆಲ್ಲಿದುದನ್ನು ನಾಯಿ, ಬೆಕ್ಕುಗಳು ನೆಕ್ಕುತ್ತವೆ; ಬೆಕ್ಕಿನ ಪ್ರಾಣ ತೆಗೆಯಲು ಒಂದೆರಡು ಚಮಚ ಸಾಕು. ಮಕ್ಕಳ ಮೂತ್ರಪಿಂಡಗಳನ್ನೂ ಅದು ಕೆಡಿಸುತ್ತದೆ. ಅಮೆರಿಕದ ಆರಿಗನ್ ರಾಜ್ಯ 1991ರಲ್ಲಿ ಅದಕ್ಕೆ ಕಹಿ ಬೆರೆಸಬೇಕೆಂದು ಕಾನೂನು ಮಾಡಿತು. 2012ರಲ್ಲಿ ಅಲ್ಲಿನ ತಯಾರಕರು ಎಲ್ಲ ರಾಜ್ಯಗಳಲ್ಲಿಯೂ ಹಾಗೆ ಮಾಡಲು ಒಪ್ಪಿದರು. ಆದರೂ ಅದನ್ನು ಚರಂಡಿಗೆ ಚೆಲ್ಲಬಾರದು. ಕುಡಿಯುವ ನೀರಿನ ಬಾಟಲಿಯಲ್ಲಂತೂ ಎಂದಿಗೂ ತುಂಬಿಡಬಾರದು. ಮನೆಯಲ್ಲಿ ಮೊಮ್ಮಕ್ಕಳಿರುವವರು ಈ ಒಂದು ಮಾತನ್ನಾದರೂ ನೆನಪಿಡಬೇಕು.

ಬೆರ್ಥಾಳ ಸೂಜಿಯಿಂದ ಇಂದಿನವರೆಗೆ ಬಂದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಯಂತ್ರಗಳು ನಂಬಿಕಸ್ಥವಾದಂತೆ ಅವುಗಳ ಒಡೆಯರು ಅವುಗಳಿಂದ ದೂರವಾದರು. ಬಾನೆಟ್ಟಿನ ಕೆಳಗೆ ಪ್ಲಾಸ್ಟಿಕ್ ಹೊದಿಕೆ ಬಂತು, ದೋಷ ಹೇಳುವ ಮಾಹಿತಿ ಕಂಪ್ಯೂಟರಿನೊಳಗೆ ಸೇರಿತು. 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು, ಆ ಮಾಹಿತಿ ಕಾರಿನ ಒಡೆಯನಿಗೂ ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕೆಂದು ಭಾರೀ ಬಹುಮತದಿಂದ ತೀರ್ಮಾನಿಸಿದರು. ನಮ್ಮ ಕೇಂದ್ರ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಅದರಲ್ಲಿ ವಾಹನಗಳೂ ಸೇರಿವೆ. ಒಂದು ಕಾಲದಲ್ಲಿ ಕೈಪಿಡಿಯಲ್ಲಿ ಅಚ್ಚಾಗಿ ಕೈಗೆ ಬರುತ್ತಿದ್ದ ತಿಳಿವಳಿಕೆಯನ್ನು ಈಗ ಹಕ್ಕೆಂದು ಕೇಳಿ ಪಡೆಯಬೇಕಾಗಿದೆ.

ವಿದ್ಯುತ್ ಕಾರುಗಳಲ್ಲಿ ವ್ಯರ್ಥವಾಗುವ ಶಾಖ ಕಡಿಮೆ. ಹೀಟರಿಗೆ ಬ್ಯಾಟರಿಯಿಂದಲೇ ಶಕ್ತಿ ಕೊಡಬೇಕಾದುದರಿಂದ ಚಳಿಯಲ್ಲಿ ಅವು ಓಡುವ ದೂರ ಕುಗ್ಗುತ್ತದೆ. ಆದರೂ ಅವುಗಳಲ್ಲಿ ಅನೇಕಕ್ಕೆ ಬ್ಯಾಟರಿಯನ್ನು ಹದವಾದ ಉಷ್ಣತೆಯಲ್ಲಿಡಲು ಕೂಲಂಟ್ ಬೇಕು, ಕೊಳವೆಗಳೂ ಬೇಕು. ಅಲ್ಲಿಯ ವಿದ್ಯುತ್ ಒತ್ತಡ ಅಪಾಯಕಾರಿಯಾದುದರಿಂದ ಬಲ್ಲವರೇ ಮುಟ್ಟಬೇಕು. ಎಲ್ಲವನ್ನೂ ನಾವೇ ಬಿಚ್ಚಬೇಕೆಂದು ನಾನು ಹೇಳುವುದಿಲ್ಲ. ದಿನವೂ ಕೂರುವ ಗಾಡಿಯಲ್ಲಿ ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಮರಳುತ್ತದೆ ಎಂದು ತಿಳಿದಿದ್ದರೆ, ಯಾವುದಕ್ಕೆ ನಮ್ಮ ಕೈ ಸಾಕು, ಯಾವುದಕ್ಕೆ ಬಲ್ಲವರ ಕೈ ಬೇಕು ಎಂಬ ವಿವೇಕವೂ ಬರುತ್ತದೆ. ಶಾಲೆಯಲ್ಲಿ ಕಲಿತ ವಿಜ್ಞಾನದಿಂದ ನಾವು ಪಡೆಯಬೇಕಾದುದು ಅಷ್ಟನ್ನೇ.