ಬೆಕ್ಕುಗಳಲ್ಲಿ ಶಿಲೀಂಧ್ರ ಸೋಂಕು

ಸಾಕುಬೆಕ್ಕುಗಳ ಚರ್ಮ, ಕೂದಲು ಮತ್ತು ಉಗುರುಗಳಿಗೆ, ಅಪರೂಪವಾಗಿ ಒಳಾಂಗಗಳಿಗೆ, ಶಿಲೀಂಧ್ರಗಳಿಂದ ತಗಲುವ ರೋಗಗಳನ್ನು ಬೆಕ್ಕುಗಳ ಶಿಲೀಂಧ್ರ ಸೋಂಕು ಎನ್ನುತ್ತಾರೆ. ಇವುಗಳಲ್ಲಿ ಅತಿ ಸಾಮಾನ್ಯವಾದುದು ಡರ್ಮಟೊಫೈಟೋಸಿಸ್. ಕನ್ನಡದಲ್ಲಿ ಇದಕ್ಕೆ ಹುಳುಕಡ್ಡಿ, ಗಜಕರ್ಣ ಎಂಬ ಹೆಸರುಗಳಿವೆ. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ; ಆದ್ದರಿಂದ ಜಂತುನಾಶಕ ಔಷಧಿಯಿಂದ ಇದು ವಾಸಿಯಾಗದು. ಈ ಸೋಂಕು ಬೆಕ್ಕಿನಿಂದ ಮನುಷ್ಯರಿಗೂ ಹರಡುತ್ತದೆ.

ಕಾರಣ

ಬಹುಪಾಲು ಪ್ರಕರಣಗಳಿಗೆ ಮೈಕ್ರೋಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ ಕಾರಣ. ಲ್ಯಾಟಿನ್ ಭಾಷೆಯಲ್ಲಿ 'ಕ್ಯಾನಿಸ್' ಎಂದರೆ ನಾಯಿ. ಆದರೆ ಇದರ ಮುಖ್ಯ ಆಶ್ರಯ ಬೆಕ್ಕೇ. ಮಣ್ಣಿನಲ್ಲಿರುವ ಮೈಕ್ರೋಸ್ಪೋರಮ್ ಜಿಪ್ಸಿಯಮ್ ಮತ್ತು ಇಲಿಗಳಿಂದ ಬರುವ ಟ್ರೈಕೋಫೈಟಾನ್ ಮೆಂಟಗ್ರೊಫೈಟಿಸ್ ಸಹ ಸೋಂಕು ತರಬಲ್ಲವು. ಚನ್ನಗಿರಿ, ಹೊನ್ನಾಳಿ ಕಡೆಯಂತೆ ಭತ್ತ, ಅಡಿಕೆ ದಾಸ್ತಾನಿಡುವ ಮನೆಗಳಲ್ಲಿ ಇಲಿಗಳಿಗಾಗಿಯೇ ಸಾಕುವ ಬೆಕ್ಕುಗಳಿಗೆ ಈ ಎರಡರ ಸಂಪರ್ಕವೂ ಇರುತ್ತದೆ. ಉದುರಿದ ಕೂದಲಿನಲ್ಲಿ ಬೀಜಾಣುಗಳು 18 ತಿಂಗಳವರೆಗೂ ಉಳಿಯಬಲ್ಲವು.

ಲಕ್ಷಣ ಮತ್ತು ಪತ್ತೆ

ಮುಖ, ಕಿವಿ ಮತ್ತು ಮುಂಗಾಲುಗಳಲ್ಲಿ ಕೂದಲು ಉದುರಿ, ಬೂದಿಬಣ್ಣದ ಹೊಟ್ಟಿನಿಂದ ಕೂಡಿದ ಮಚ್ಚೆಗಳು ಕಾಣಿಸುತ್ತವೆ. ಮರಿಗಳಿಗೂ ಪರ್ಷಿಯನ್‌ನಂತಹ ಉದ್ದಗೂದಲಿನ ತಳಿಗಳಿಗೂ ಇದು ಬೇಗ ತಗಲುತ್ತದೆ. ಕೆಲವು ಬೆಕ್ಕುಗಳು ಯಾವ ಲಕ್ಷಣವನ್ನೂ ತೋರದೆ ಸೋಂಕನ್ನು ಹೊತ್ತಿರುತ್ತವೆ.

ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ವುಡ್ 1903ರಲ್ಲಿ ರೂಪಿಸಿದ ನೇರಳಾತೀತ ದೀಪದ ಬೆಳಕಿನಲ್ಲಿ ಸೋಂಕಿನ ಕೂದಲು ಹಸಿರಾಗಿ ಹೊಳೆಯುತ್ತದೆ. 1925ರಿಂದ ಈ ದೀಪವನ್ನು ಹುಳುಕಡ್ಡಿ ಪತ್ತೆಗೆ ಬಳಸಲಾಗುತ್ತಿದೆ. ಹೊಳೆಯಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದು ಉಳಿದ ವಿಧಾನಗಳು.

ಚಿಕಿತ್ಸೆ

ಆರೋಗ್ಯವಂತ ಬೆಕ್ಕಿನಲ್ಲಿ ರೋಗ ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುವುದುಂಟು. ಆದರೆ ಅಷ್ಟರಲ್ಲಿ ಅದು ಮನೆಯ ಮಕ್ಕಳಿಗೂ ಇತರ ಪ್ರಾಣಿಗಳಿಗೂ ಹರಡಬಹುದಾದ್ದರಿಂದ ಚಿಕಿತ್ಸೆ ಅಗತ್ಯ. ಬಾಯಿಯ ಮೂಲಕ ಇಟ್ರಾಕೊನಜೋಲ್, ಮೈಗೆ ಸುಣ್ಣ-ಗಂಧಕದ ದ್ರಾವಣ ಇವು ರೂಢಿಯಲ್ಲಿರುವ ಕ್ರಮಗಳು. ಹಳೆಯ ಔಷಧವಾದ ಗ್ರಿಸಿಯೋಫುಲ್ವಿನನ್ನು ಗರ್ಭಿಣಿ ಬೆಕ್ಕಿಗೆ ಕೊಡಬಾರದು. ಅದರಿಂದ ಮರಿಗಳು ಅಂಗವಿಕಲವಾಗುತ್ತವೆ. ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಚನ್ನಗಿರಿ ಭಾಗದವರಿಗೆ ಹತ್ತಿರದ ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲಿದೆ.

ಮನೆಮದ್ದುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಕ್ಕು ಸದಾ ಮೈ ನೆಕ್ಕಿಕೊಳ್ಳುವ ಪ್ರಾಣಿ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ಫೀನಾಲ್ ಜಾತಿಯ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಅದರ ಯಕೃತ್ತಿಗೆ ಬಹಳ ಕಡಿಮೆ. ಫಿನಾಯಿಲ್ ಅದಕ್ಕೆ ವಿಷ. ಕರ್ಪೂರದೆಣ್ಣೆ, ಟೀ ಟ್ರೀ ಎಣ್ಣೆಗಳೂ ಅಪಾಯಕಾರಿ. ಮನುಷ್ಯರ ತುರಿಕೆಗೆಂದು ಅಂಗಡಿಯಲ್ಲಿ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮು ಕೆಂಪನ್ನು ಮರೆಮಾಡಿ ಶಿಲೀಂಧ್ರವನ್ನು ಒಳಗೇ ಬೆಳೆಸುತ್ತದೆ. ಮಕ್ಕಳ ಕೈ, ಕುತ್ತಿಗೆಗಳಲ್ಲಿ ಉಂಗುರದಂತಹ ಕೆಂಪು ಮಚ್ಚೆ ಎದ್ದಾಗಲೂ ಇದನ್ನು ಹಚ್ಚುವುದು ಸರಿಯಲ್ಲ. ವೈದ್ಯರಿಗೆ ತೋರಿಸಿ, ಮನೆಯಲ್ಲಿ ಬೆಕ್ಕಿದೆಯೆಂದು ತಿಳಿಸಬೇಕು.

ಹೀಗೆ ಮಕ್ಕಳಿಗೆ ಹರಡಿತೆಂದು ಬೆಕ್ಕನ್ನು ದೂರದಲ್ಲಿ ಬಿಟ್ಟು ಬರುವವರಿದ್ದಾರೆ. ಇದರಿಂದ ಪ್ರಯೋಜನವಿಲ್ಲ, ಬೀಜಾಣು ತುಂಬಿದ ಕೂದಲು ಹಾಸಿಗೆ, ಚಾಪೆ, ಗೋಣಿಗಳಲ್ಲಿ ಉಳಿದೇ ಇರುತ್ತದೆ. ಚಿಕಿತ್ಸೆ ಮುಗಿಯುವವರೆಗೆ ಬೆಕ್ಕನ್ನು ಒಂದೇ ಕೋಣೆಯಲ್ಲಿಟ್ಟು, ಕೂದಲನ್ನು ದಿನವೂ ಗುಡಿಸಿ ತೆಗೆದು, ಬಟ್ಟೆಗಳನ್ನು ಒಗೆದು ಒಣಗಿಸಬೇಕು.

ಇತರ ಸೋಂಕುಗಳು

ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ಬೆಕ್ಕಿನ ಮೂಗು ಮತ್ತು ಮಿದುಳಿಗೆ ತಗಲಬಹುದು. ಸ್ಪೊರೊಟ್ರೈಕೋಸಿಸ್ ಎಂಬ ಹುಣ್ಣಿನ ರೋಗ 1990ರ ದಶಕದ ಕೊನೆಯಿಂದ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಬೆಕ್ಕಿನ ಪರಚುವಿಕೆ, ಕಡಿತಗಳಿಂದ ಸಾವಿರಾರು ಜನರಿಗೆ ಹರಡಿದೆ.