ಅಡಿಕೆ, ಚಾವಿ, ದೂರದರ್ಶಕ: ಇಂಗ್ಲಿಷ್ ಪದಗಳ ಬೇರನ್ನರಸಿ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಪದಸಂಪತ್ತು ಒದಗೀತೇ? ಕಾಸರಗೋಡಿನ ಹೆತ್ತವರು ಕೇಳುವ ಈ ಪ್ರಶ್ನೆ ನ್ಯಾಯವಾದದ್ದೇ. ಕನ್ನಡ ಶಾಲೆಗಳ ಅಳಿವು ಉಳಿವು ಬಹುಮಟ್ಟಿಗೆ ಇದರ ಉತ್ತರವನ್ನೇ ಅವಲಂಬಿಸಿದೆ. ಶಾಲೆ ನೂರು ತುಂಬಿದ ಈ ಸಂದರ್ಭದಲ್ಲಿ ಉತ್ತರವನ್ನು ಪದಗಳ ಚರಿತ್ರೆಯಲ್ಲಿಯೇ ಅರಸೋಣ.

1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಬಂದಿಳಿದ ತರುವಾಯ, ಪೋರ್ಚುಗೀಸರು ಈ ಕರಾವಳಿಯ ಸರಕುಗಳೊಡನೆ ಅವುಗಳ ಹೆಸರುಗಳನ್ನೂ ಹಡಗೇರಿಸಿದರು. ನಮ್ಮ ಅಡಿಕೆಯ ಒಡಹುಟ್ಟಾದ ಮಲಯಾಳದ ‘ಅಡಕ್ಕ’ ಅವರ ಬಾಯಲ್ಲಿ ‘ಅರೆಕ’ ಆಗಿ ಇಂಗ್ಲಿಷನ್ನು ಸೇರಿತು. ‘ಕೊಪ್ಪರ’ ‘ಕಾಪ್ರ’ವಾಯಿತು, ಅದು ನಮ್ಮ ಕೊಬ್ಬರಿಯೇ. ಇಂಥ ಪದಗಳನ್ನು ಕಲೆಹಾಕಿದ ‘ಹಾಬ್ಸನ್-ಜಾಬ್ಸನ್’ ಎಂಬ ನಿಘಂಟು 1886ರಲ್ಲಿ ಹೊರಬಂದಿತು. ಅದರ ಕರ್ತೃಗಳು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್. ಬರ್ನೆಲ್ಲರು ಮಂಗಳೂರಿನಲ್ಲಿಯೂ ನ್ಯಾಯಾಧೀಶರಾಗಿದ್ದವರು. ಆಗ ಕಾಸರಗೋಡು ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು.

ಪದಗಳು ಅತ್ತಣಿಂದ ಇತ್ತಲೂ ಬಂದಿವೆ. ನಾವಾಡುವ ‘ಚಾವಿ’ ಪೋರ್ಚುಗೀಸರ ‘ಶಾವೆ’. ಅದರ ಮೂಲ ಲ್ಯಾಟಿನ್ನಿನ ‘ಕ್ಲಾವಿಸ್’. ಕೊರಳ ಬುಡದ ಎಲುಬನ್ನು ಇಂಗ್ಲಿಷಿನಲ್ಲಿ ‘ಕ್ಲಾವಿಕಲ್’ ಎನ್ನುತ್ತಾರೆ; ಅಂದರೆ ಪುಟ್ಟ ಚಾವಿ. ಬಾಗಿಲು ಭದ್ರಪಡಿಸಿ ನಡೆಸುವ ಗುಪ್ತಸಭೆ ‘ಕಾನ್‌ಕ್ಲೇವ್’. ಒಂದು ಬೇರು ತಿಳಿದರೆ ಹಲವು ಕೊಂಬೆಗಳು ಕೈಗೆಟಕುತ್ತವೆ.

ನಮ್ಮ ವಿಜ್ಞಾನದ ಪಾಠಗಳಲ್ಲಿ ಇದಕ್ಕಿಂತ ದೊಡ್ಡ ನಿಧಿಯಿದೆ. ದೂರದರ್ಶಕ, ಸೂಕ್ಷ್ಮದರ್ಶಕ, ಉಷ್ಣತಾಮಾಪಕ ಎಂಬ ಹೆಸರುಗಳು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಗ್ರೀಕಿನಲ್ಲಿ ‘ಟೆಲಿ’ ಎಂದರೆ ದೂರ, ‘ಮೈಕ್ರೊ’ ಎಂದರೆ ಸಣ್ಣದು, ‘ಥರ್ಮೊ’ ಎಂದರೆ ಬಿಸಿ. ‘ಸ್ಕೋಪ್’ ನೋಡುವುದು, ‘ಮೀಟರ್’ ಅಳೆಯುವುದು. ಸಮಾಸ ಬಿಡಿಸಲು ಬಲ್ಲ ಮಗುವಿಗೆ ಟೆಲಿಸ್ಕೋಪ್, ಮೈಕ್ರೋಸ್ಕೋಪ್, ಥರ್ಮಾಮೀಟರ್‌ಗಳನ್ನು ಬಿಡಿಸುವುದು ಕಷ್ಟವಲ್ಲ.

ನಮ್ಮಲ್ಲಿ ಅನೇಕರು ಸ್ಪೆಲ್ಲಿಂಗನ್ನು ಕಂಠಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತವರು. ಬೇರನ್ನು ತೋರಿಸಿದ್ದರೆ ಪದ ಉಳಿಯುತ್ತಿತ್ತೆಂದು ಈಗ ಅನಿಸುತ್ತದೆ. ಇಷ್ಟರಿಂದಲೇ ಇಂಗ್ಲಿಷ್ ಬಂದುಬಿಡುವುದಿಲ್ಲ. ಓದು, ಬರಹ, ಮಾತಿನ ನಿತ್ಯಾಭ್ಯಾಸ ಬೇಕೇ ಬೇಕು. ಆದರೆ ಆ ಅಭ್ಯಾಸಕ್ಕೆ ಕನ್ನಡವು ಅಡ್ಡಗೋಡೆಯಲ್ಲ, ಮೆಟ್ಟಿಲು. ಅಧ್ಯಾಪಕರು ದಿನಕ್ಕೊಂದು ಪದದ ಬೇರನ್ನು ತೋರಿಸಲಿ. ಹೆತ್ತವರು ಅಡಿಕೆ ತೋಟದಲ್ಲಿ ನಿಂತು ‘ಅರೆಕ’ದ ಕಥೆ ಹೇಳಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಗೆ ಇದಕ್ಕಿಂತ ಹಿತವಾದ ಕಾಣಿಕೆ ಬೇರಿಲ್ಲವೆಂದು ನಾವು ನಂಬಿದ್ದೇವೆ.