ಕುಮಾರ ಪರ್ವತವೂ ನಮ್ಮ ಬ್ಲಾಗುಗಳೂ

ನಮ್ಮೂರು ಹವಳಗಾ, ಅಫಜಲಪುರ ತಾಲೂಕು. ಎತ್ತ ನೋಡಿದರೂ ಎರೆಹೊಲ, ಕಬ್ಬು, ತೊಗರಿ. ಬೆಟ್ಟ ಅಂದರೆ ನಮಗೆ ಕ್ಯಾಲೆಂಡರಿನ ಚಿತ್ರ ಅಷ್ಟೇ! ನನಗೆ ಚಾರಣದ ಹುಚ್ಚು ಹಿಡಿಸಿದ್ದು ಕನ್ನಡ ಬ್ಲಾಗುಗಳು. ಆಗ ನಾಲ್ಕು ಬ್ಲಾಗ್ ತೆರೆದರೆ ಒಂದರಲ್ಲಾದರೂ ಕುಮಾರ ಪರ್ವತ ಇರುತ್ತಿತ್ತು. ಹಾಗಾಗಿ ಈ ಕಥೆಯಲ್ಲಿ ನಮ್ಮ ಪಾಲೂ ಇದೆ ಗೆಳೆಯರೇ.

1712 ಮೀಟರ್ ಎತ್ತರದ ಈ ಬೆಟ್ಟವನ್ನು ಹಿಂದೆ ಹತ್ತುತ್ತಿದ್ದವರು ಕುಕ್ಕೆಯ ಭಕ್ತರು. ಅಲ್ಲಿ ಸಿಗುವ ಕುಮಾರಲಿಂಗವೆಂಬ ಕಲ್ಲು ಅವರಿಗೆ ಪ್ರಸಾದ. 1987ರಲ್ಲಿ ಇಲ್ಲಿ ಪುಷ್ಪಗಿರಿ ವನ್ಯಧಾಮವಾಯಿತು. ಆಮೇಲೆ ಬಂದವರು ಬೆಂಗಳೂರಿನ ಹುಡುಗರು. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ-ಸಾರು, ಭಾನುವಾರ ವಾಪಸ್, ಸೋಮವಾರ ಬ್ಲಾಗಿನಲ್ಲಿ ಫೋಟೋ! 2012ರಲ್ಲಿ ಪಶ್ಚಿಮ ಘಟ್ಟ ಯುನೆಸ್ಕೋ ಪಟ್ಟಿ ಸೇರಿದಾಗ ಪುಷ್ಪಗಿರಿಯೂ ಅದರಲ್ಲಿತ್ತು.

ಹತ್ತು ಜನ ನಡೆದರೆ ಹುಲ್ಲು ಮತ್ತೆ ಏಳುತ್ತದೆ. ಸಾವಿರ ಜನ ನಡೆದರೆ ಬೇರು ಸಾಯುತ್ತದೆ, ಮಳೆಗಾಲದಲ್ಲಿ ಆ ಕಾಲುದಾರಿಯೇ ಕೊರಕಲಾಗಿ ಮಣ್ಣು ಕೊಚ್ಚಿ ಹೋಗುತ್ತದೆ. ಮಳೆ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಹೊಳೆಗೆ ಬಿಡುವುದು ಆ ಹುಲ್ಲುಗಾವಲು ಮತ್ತು ಶೋಲಾ ಕಾಡು. ಕುಮಾರಧಾರಾ ಹುಟ್ಟುವುದೇ ಅಲ್ಲಿ. ನಾವು ಮೇಲೆ ಎಸೆದ ಪ್ಲಾಸ್ಟಿಕ್ ಕೆಳಗೆ ಭಕ್ತರು ಮೀಯುವ ನೀರಿಗೇ ಬರಬೇಕಲ್ಲವೇ?

2024ರ ಜನವರಿ, ಗಣರಾಜ್ಯೋತ್ಸವದ ರಜೆ. ಚೆಕ್‌ಪೋಸ್ಟಿನಲ್ಲಿ ಜಾತ್ರೆಯಂತೆ ಸೇರಿದ ಜನರ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ನಮ್ಮ ಭಾಗದವರೇ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ದಿನಕ್ಕೆ 300 ಜನರ ಮಿತಿಯೊಂದಿಗೆ ಆನ್‌ಲೈನ್ ಟಿಕೆಟ್ ಬಂತು.

ಮಿತಿ ಬೇಕೇ ಬೇಕಿತ್ತು. ಆದರೆ ಗೇಟು ಮುಚ್ಚಿದ ತಿಂಗಳುಗಳಲ್ಲಿ ಊಟ ಹಾಕುವ ಮನೆಯವರಿಗೆ, ಜೀಪಿನವರಿಗೆ, ದಾರಿ ತೋರಿಸುವ ಹುಡುಗರಿಗೆ ದುಡಿಮೆ ಇಲ್ಲ. ಜನ ತುಂಬಿದಾಗ ಕಸ ಅವರೂರಿಗೆ, ಜನ ನಿಂತಾಗ ನಷ್ಟವೂ ಅವರಿಗೇ. ಎಷ್ಟು ಜನ ಬರಬೇಕು ಅಂತ ತೀರ್ಮಾನಿಸುವಾಗ ಬೆಟ್ಟದ ಬುಡದ ಊರಿನವರೂ ಕೂತಿರಬೇಕು ಅನ್ನುವುದು ನನ್ನ ಅನಿಸಿಕೆ.

ಇನ್ನು ನಾವು... ದಾರಿ ಬರೆದೆವು, ಬಸ್ಸಿನ ಟೈಮು ಬರೆದೆವು. ಕಸ ವಾಪಸ್ ತನ್ನಿ ಅಂತ ಎಷ್ಟು ಜನ ಬರೆದೆವು? ನೀವೇನಂತೀರಿ?